ಸುದ್ದಿ ತುಣುಕುಗಳನ್ನು ಎಣಿಸುವುದೂ ಸಂಶೋಧನೆಯೇ?

ಪ್ರಶ್ನೆ: ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿರುವ ನನ್ನ ಮಗಳು ಈಗ ಮಾಧ್ಯಮ ಮತ್ತು ಸಂವಹನ ವಿಭಾಗ ಸೇರಿ, ವಿಜ್ಞಾನ ಸಂಸ್ಕೃತಿಯ ಬಗ್ಗೆ ಪಿಎಚ್.ಡಿ. ಮಾಡುತ್ತೇನೆ ಎನ್ನುತ್ತಿದ್ದಾಳೆ. ಪತ್ರಿಕೆಯ ತುಣುಕುಗಳನ್ನು ಎಣಿಸುವುದು ಎಂಥ ಸಂಶೋಧನೆ? ಜನರಿಗೆ ವಿಜ್ಞಾನ ತಿಳಿಯದಿದ್ದರೆ ಸರಳವಾಗಿ ತಿಳಿಸಿಹೇಳಿದರೆ ಸಾಲದೆ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಈ ಅಧ್ಯಯನ ಕ್ಷೇತ್ರ ಬಹುಮಟ್ಟಿಗೆ ಬೆಳೆದದ್ದೇ ಅದರೊಡನೆ ವಾದಿಸುತ್ತ. ಜನರಲ್ಲಿರುವುದು ತಿಳಿವಳಿಕೆಯ ಕೊರತೆ, ಅದನ್ನು ತುಂಬಿಬಿಟ್ಟರೆ ಅನುಮಾನ ತಾನಾಗಿ ಕರಗುತ್ತದೆ ಎಂಬ ನಂಬಿಕೆಯನ್ನು ಸಂಶೋಧಕರು ‘ಕೊರತೆಯ ಮಾದರಿ’ ಎಂದು ಕರೆಯುತ್ತಾರೆ. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಿಸಿದ ಬಳಿಕ, ಮಳೆಯೊಂದಿಗೆ ವಿಕಿರಣಶೀಲ ಸೀಸಿಯಂ ಇಂಗ್ಲೆಂಡಿನ ಕಂಬ್ರಿಯಾದ ಬೆಟ್ಟಗಳ ಮೇಲೂ ಇಳಿಯಿತು. ಅಲ್ಲಿ ಕುರಿ ಮಾರಾಟದ ಮೇಲೆ ಹೇರಿದ ನಿರ್ಬಂಧ ಮೂರೇ ವಾರದ್ದು ಎಂದು ಅಧಿಕಾರಿಗಳು ಹೇಳಿದರು. ಕೆಲವು ಹೊಲಮನೆಗಳಲ್ಲಿ ಅದು 2012ರವರೆಗೂ ಮುಂದುವರಿಯಿತು. ಜೇಡಿಮಣ್ಣಿನಲ್ಲಿ ಸೀಸಿಯಂ ಅಂಟಿಕೊಂಡು ಉಳಿಯುತ್ತದೆ ಎಂಬ ಲೆಕ್ಕಾಚಾರವನ್ನು, ಅದು ಸುಲಭವಾಗಿ ಹುಲ್ಲಿಗೆ ಸೇರುವ ಬೆಟ್ಟದ ಆಮ್ಲೀಯ ಮಣ್ಣಿಗೂ ಹೊಂದಿಸಿದ್ದೇ ತಪ್ಪಾಗಿತ್ತು. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಬ್ರಿಯಾನ್ ವಿನ್ ಆ ಕುರಿಗಾರರ ಜೊತೆ ಕುಳಿತು ಮಾತನಾಡಿದಾಗ ತಿಳಿದುಬಂದದ್ದು ಅಜ್ಞಾನದ ಕಥೆಯಲ್ಲ. ಬೆಟ್ಟದಲ್ಲಿ ಮೇಯುವ ಕುರಿಗಳನ್ನು ಪ್ರಯೋಗಕ್ಕೆಂದು ಬೇಲಿಯೊಳಗೆ ಕೂಡಿಹಾಕಿದರೆ ಅವು ಸೊರಗುತ್ತವೆ ಎಂದು ಅವರು ಮೊದಲೇ ಎಚ್ಚರಿಸಿದ್ದರು. ಯಾರೂ ಕಿವಿಗೊಡಲಿಲ್ಲ, ಕೊನೆಗೆ ಆ ಪ್ರಯೋಗವನ್ನೇ ಕೈಬಿಡಬೇಕಾಯಿತು. ಅವರಿಗಿಲ್ಲದ್ದು ವಿಕಿರಣದ ಪಾಠವಲ್ಲ, ಪಾಠ ಹೇಳಲು ಬಂದವರ ಮೇಲಿನ ವಿಶ್ವಾಸ.

ಇನ್ನು ಎಣಿಕೆಯ ಮಾತು. ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳು ಹೊರಡಿಸಿದ ಆರೋಗ್ಯ ಸಂಬಂಧಿ 462 ಪತ್ರಿಕಾ ಪ್ರಕಟಣೆಗಳನ್ನು ಪರಿಶೀಲಿಸಿತು. ಮೂಲ ಪ್ರಬಂಧ, ಪ್ರಕಟಣೆ ಮತ್ತು ಅಚ್ಚಾದ ಸುದ್ದಿ, ಈ ಮೂರನ್ನೂ ಅಕ್ಕಪಕ್ಕ ಇಟ್ಟುಕೊಂಡು, ಪ್ರಬಂಧದಲ್ಲಿ ‘ಸಂಬಂಧ ಕಾಣುತ್ತದೆ’ ಎಂದಿದ್ದದ್ದು ಯಾವ ಹಂತದಲ್ಲಿ ‘ಕಾರಣವಾಗುತ್ತದೆ’ ಎಂದಾಯಿತು, ಇಲಿಯ ಮೇಲಿನ ಪ್ರಯೋಗ ಎಲ್ಲಿ ಮನುಷ್ಯರ ಚಿಕಿತ್ಸೆಯಾಗಿ ಬದಲಾಯಿತು ಎಂಬುದನ್ನು ವಾಕ್ಯ ವಾಕ್ಯವಾಗಿ ಗುರುತು ಹಾಕುವ ಕೆಲಸವಿದು. ಇಂಥಲ್ಲಿ ಒಬ್ಬರು ಹಾಕಿದ ಗುರುತನ್ನು ಇನ್ನೊಬ್ಬರು ಸ್ವತಂತ್ರವಾಗಿ ಹಾಕಿ ತಾಳೆ ನೋಡುವುದು ರೂಢಿ. ಪ್ರಾಣಿಗಳ ಮೇಲಿನ ಪ್ರಯೋಗವನ್ನು ಪ್ರಕಟಣೆಯೇ ಮನುಷ್ಯರಿಗೆ ಅತಿಯಾಗಿ ಅನ್ವಯಿಸಿದ್ದಾಗ ಸುದ್ದಿಗಳಲ್ಲಿ ಶೇ 86ರಷ್ಟು ಅದೇ ಉತ್ಪ್ರೇಕ್ಷೆ ಮಾಡಿದ್ದವು. ಪ್ರಕಟಣೆ ಸಂಯಮದಿಂದ ಇದ್ದಾಗ ಆ ಪ್ರಮಾಣ ಶೇ 10 ಮಾತ್ರ. ಉತ್ಪ್ರೇಕ್ಷೆಯಿಂದ ಹೆಚ್ಚು ಪ್ರಚಾರ ಸಿಗುತ್ತದೆ ಎಂಬುದಕ್ಕೂ ಬಲವಾದ ಆಧಾರ ಕಾಣಲಿಲ್ಲ. ಇಂಥ ತಪ್ಪಿಗೆಲ್ಲ ವರದಿಗಾರರನ್ನೇ ದೂರುತ್ತಿದ್ದ ನಾನು ಈ ಅಂಕಿಗಳನ್ನು ಓದಿ ಸ್ವಲ್ಪ ಮುಜುಗರಪಟ್ಟೆ. ಹಾಗೆಂದು ಪ್ರಕಟಣೆಯೇ ‘ಕಾರಣ’ ಎಂದು ನಾನು ಬರೆದರೆ ಅದೂ ಉತ್ಪ್ರೇಕ್ಷೆಯಾದೀತು: ತಮ್ಮದು ಅವಲೋಕನದ ಅಧ್ಯಯನ, ಅದರಿಂದ ಕಾರ್ಯಕಾರಣ ಸಂಬಂಧ ಸಾಬೀತಾಗುವುದಿಲ್ಲ ಎಂದು ಆ ಲೇಖಕರೇ ಹೇಳಿದ್ದಾರೆ.

ಮೂಲ ಪ್ರಬಂಧವನ್ನು ಓದಿ ಅರ್ಥಮಾಡಿಕೊಳ್ಳಬಲ್ಲವರು ಈ ವಿಭಾಗಗಳಿಗೆ ಬೇಕಾದವರು. ನಿಮ್ಮ ಮಗಳ ವಿಜ್ಞಾನ ಪದವಿ ವ್ಯರ್ಥವಾಗುವುದಿಲ್ಲ. ಸಂಖ್ಯಾಶಾಸ್ತ್ರದ ಜೊತೆಗೆ ಸಂದರ್ಶನ ನಡೆಸುವ ಕ್ರಮವನ್ನೂ ಆಕೆ ಸೇರುವ ಮೊದಲೇ ಒಂದಿಷ್ಟು ಕಲಿತುಕೊಂಡರೆ ಮೊದಲ ವರ್ಷ ಹಗುರಾಗುತ್ತದೆ.