ಮೊಲಕ್ಕೆ ಕೋಳಿ ಫಿನಿಶರ್ ಹಾಕೋರು ದಯವಿಟ್ಟು ಓದಿ

ಬ್ರದರ್, ನಿಮ್ಮ ಪೋಸ್ಟ್ ನೋಡಿ ಸುಮ್ನಿರಕ್ಕಾಗ್ಲಿಲ್ಲ. ತಾಯಿಯಿಂದ ಬಿಡಿಸಿದ ಮರಿಗೆ ಬ್ರಾಯ್ಲರ್ ಕೋಳಿ ಫಿನಿಶರ್ (ಮಾರೋಕೆ ಮುಂಚೆ ಕೋಳಿ ತೂಕ ಬರ್ಲಿ ಅಂತ ಹಾಕೋ ಫೀಡ್) ಹಾಕ್ತಿದೀನಿ, ಮೊದ್ಲು ತೂಕ ಚೆನ್ನಾಗಿ ಬಂತು, ಈಗ ದಿನಾ ಒಂದೊಂದು ಹೊಟ್ಟೆ ಉಬ್ಬಿ ಹೋಗ್ತಿದೆ, ಉಳಿದಿದ್ದನ್ನ 5 ತಿಂಗಳು ಸಾಕಿ ಕೊಟ್ರೆ ಹೋಟೆಲ್‌ನೋರು ಮಾಂಸ ರಬ್ಬರ್ ಅಂತಾರೆ ಅಂತ ಬರ್ದಿದೀರ. ನಾನೂ ಶುರುನಲ್ಲಿ ತೂಕದ ಹಿಂದೆ ಬಿದ್ದು ಇದೇ ಫಿನಿಶರ್ ಹಾಕಿ ಒಂದು ಬ್ಯಾಚ್ ಪೂರ್ತಿ ಕಳ್ಕೊಂಡೋನು, ಅದಕ್ಕೇ ಹೇಳ್ತಿದೀನಿ, ಇವತ್ತೇ ಆ ಚೀಲ ಕೋಳಿ ಸಾಕೋರಿಗೆ ಕೊಟ್ಬಿಡಿ.

ಫಿನಿಶರ್‌ನಲ್ಲಿ ಪ್ರೋಟೀನ್ ಇದೆ ಸರಿ, ನಾರು ಎಷ್ಟಿದೆ ನೋಡಿದ್ರಾ? 4-5 ಪರ್ಸೆಂಟ್ ಅಷ್ಟೇ. ಮೊಲಕ್ಕೆ ಕನಿಷ್ಠ 12-14 ಬೇಕು. ಮೊಲದ ಸೀಕಮ್ (ದೊಡ್ಡ ಕರುಳಿನ ಶುರುನಲ್ಲಿರೋ ಚೀಲ) ದೋಸೆ ಹಿಟ್ಟಿನ ಪಾತ್ರೆ ಇದ್ದಂಗೆ, ಅಲ್ಲಿ ಹುದುಗು ಸರಿಯಾಗಿ ಬರ್ಬೇಕು. ನಾರು ಇಲ್ದೆ ಬರೀ ಜೋಳದ ಸ್ಟಾರ್ಚ್ ಹೋದ್ರೆ ಕೆಟ್ಟ ಬ್ಯಾಕ್ಟೀರಿಯಾ ಎದ್ದು ಗ್ಯಾಸು, ಲೋಳೆ ಭೇದಿ, ಬೆಳಗ್ಗೆ ನೋಡಿದ್ರೆ ಮರಿ ಸತ್ತಿರುತ್ತೆ. ಇನ್ನೊಂದು ಯಾರೂ ಹೇಳಲ್ಲ, ಕೋಳಿ ಫೀಡ್‌ಗೆ ಕಾಕ್ಸಿ (ಕರುಳು, ಲಿವರ್‌ಗೆ ಬರೋ ಪರಾವಲಂಬಿ ರೋಗ) ಔಷಧಿ ಬೆರೆಸಿರ್ತಾರೆ, ಅದ್ರಲ್ಲಿ ನರಾಸಿನ್ ಇದ್ರಂತೂ ಮೊಲಕ್ಕೆ ವಿಷ, ಸಲಿನೋಮೈಸಿನ್ ಸ್ವಲ್ಪ ಜಾಸ್ತಿ ಆದ್ರೂ ಹೊಡೆತ. ಚೀಲದ ಲೇಬಲ್ ಓದಿ ಮಾರಾಯ್ರೆ. ನಿಮ್ಮ ಪೋಸ್ಟ್ ಕೆಳಗೆ ಕಾಮೆಂಟಲ್ಲಿ ಯಾರೋ ಬ್ರೋಟೋನ್ ಕೊಡಿ, ವಿಮೆರಾಲ್ ಕೊಡಿ ಅಂದಿದಾರೆ, ಒಳ್ಳೆ ಟಾನಿಕ್ಕೇ, ಆದ್ರೆ ನಾರಿನ ಕೆಲಸ ಟಾನಿಕ್ ಮಾಡಲ್ಲ. ಅಮಾಕ್ಸಿಸಿಲಿನ್ ಆಂಟಿಬಯೋಟಿಕ್ ಬಾಯಿಗೆ ಹಾಕಿ ಅಂದೋರ ಮಾತಂತೂ ಕೇಳ್ಲೇ ಬೇಡಿ, ಮೊಲಕ್ಕೆ ಅದನ್ನ ಬಾಯಲ್ಲಿ ಕೊಟ್ರೆ ಕರುಳು ಕೆಟ್ಟು ಇರೋದೂ ಹೋಗುತ್ತೆ.

ನಂಗೆ ಸೆಟ್ ಆಗಿರೋ ಮಿಕ್ಸು ಇದು, 100 ಕೆಜಿಗೆ ಗೋಧಿ ಬೂಸಾ 35, ಒಣಗಿಸಿ ಪುಡಿ ಮಾಡಿದ ಕುದುರೆ ಮಸಾಲೆ ಸೊಪ್ಪು 30, ಮುಸುಕಿನ ಜೋಳ 20, ಸೋಯಾ ಹಿಂಡಿ 12, ಮಿನರಲ್ ಮಿಕ್ಸ್ಚರ್ 2, ಉಪ್ಪು 1. ಪ್ರೋಟೀನ್ 17ರ ಮೇಲೆ ಬರುತ್ತೆ, ನಾರು 13ರ ಹತ್ರ. ಕಡಲೆಕಾಯಿ ಹಿಂಡಿ ಅಗ್ಗಕ್ಕೆ ಸಿಗುತ್ತೆ ಅಂತ ಮುಗ್ಗಲು ಹಿಡಿದಿದ್ದು ತರ್ಬೇಡಿ, ಅದ್ರಲ್ಲಿರೋ ಬೂಸ್ಟಿನ ವಿಷ ಅಫ್ಲಾಟಾಕ್ಸಿನ್‌ಗೆ ಮೊಲದ ಲಿವರ್ ತಡ್ಯಲ್ಲ. ಪುಡಿಯಾಗೇ ಹಾಕಿದ್ರೆ ಸೀನ್ತವೆ, ಅರ್ಧ ಚೆಲ್ತವೆ, ಪೆಲೆಟ್ ಮಾಡಿಸಿ ಇಲ್ಲಾ ಆಗಿಂದಾಗ್ಗೆ ನೀರು ಚಿಮುಕಿಸಿ ಉಂಡೆ ಮಾಡಿ ಕೊಡಿ, ಮಿಕ್ಕಿದ್ದು ಸಂಜೆಗೆ ತೆಗ್ದುಬಿಡಿ. ಹಸು ಫೀಡ್ ಹಾಕೋದಾದ್ರೆ ಯೂರಿಯಾ ಇದೆಯಾ ನೋಡ್ಕೊಳ್ಳಿ, ಇದ್ರೆ ಮೊಲಕ್ಕೆ ಬೇಡ.

ಇದಕ್ಕಿಂತ ಮುಖ್ಯ ಒಣ ಮೇವು. ಗೂಡಿಗೆ ತಂತಿ ರ‍್ಯಾಕ್ ಕಟ್ಟಿ ಒಣಗಿದ ಕಡಲೆಕಾಯಿ ಬಳ್ಳಿನೋ ರಾಗಿ ಹುಲ್ಲೋ ಹಗಲು ರಾತ್ರಿ ಇರೋ ಹಾಗೆ ನೋಡ್ಕೊಳ್ಳಿ. ಮರಿ ಬಿಡ್ಸೋದು 35 ದಿನಕ್ಕೆ, 28ಕ್ಕೆ ಅವಸರ ಬೇಡ. ಬಿಡಿಸಿದ ದಿನಾನೇ ಫೀಡ್ ಬದಲಾಯಿಸ್ಬೇಡಿ, ತಾಯಿ ತಿಂತಿದ್ದುದನ್ನೇ ಒಂದು ವಾರ ಕೊಡಿ, ಹಸಿರು ಮೇವು ಬಾಡಿಸಿ ಕೊಡಿ. ಎಲೆಕೋಸು ಸಿಪ್ಪೆ ಮರಿಗಳಿಗೆ ಬೇಡ್ವೇ ಬೇಡ. ಹಿಪ್ಪುನೇರಳೆ ಸೊಪ್ಪು ಬಂಗಾರ, ಆದ್ರೆ ರೇಷ್ಮೆ ತೋಟದಲ್ಲಿ ಔಷಧಿ ಯಾವತ್ತು ಹೊಡೆದ್ರು ಕೇಳಿ ತನ್ನಿ. ಸುಬಾಬುಲ್ ಸ್ವಲ್ಪ ಸ್ವಲ್ಪ ಓಕೆ, ಜಾಸ್ತಿ ಆದ್ರೆ ಕೂದ್ಲು ಉದುರುತ್ತೆ.

ಇನ್ನು ರಬ್ಬರ್ ವಿಷ್ಯ. 5 ತಿಂಗಳು ಯಾಕೆ ಸಾಕ್ತೀರ? ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ ತಳಿ ಆದ್ರೆ 12 ವಾರಕ್ಕೆ 2 ಕೆಜಿ ಆಸುಪಾಸು ಬರ್ತವೆ, ಅಲ್ಲಿಂದ ಮುಂದೆ ತಿನ್ನೋದು ಜಾಸ್ತಿ ಬೆಳೆಯೋದು ಕಮ್ಮಿ, ಕೊಟ್ಟಿದ್ದೆಲ್ಲ ಕಿಡ್ನಿ ಸುತ್ತ ಕೊಬ್ಬಾಗಿ ಕೂರುತ್ತೆ, ಮಾಂಸ ಗಟ್ಟಿ ಆಗ್ತಾ ಹೋಗುತ್ತೆ. ಆ ಕೊಬ್ಬು ಗಿರಾಕಿ ತಿನ್ನಲ್ಲ, ನಿಮ್ಮ ದುಡ್ಡದು. 2 ಕೆಜಿ ಮೊಲಕ್ಕೆ ಒಂದು ಕೆಜಿ ಮೇಲೆ ಸ್ವಲ್ಪ ಮಾಂಸ, ಅದನ್ನ ಲೆಕ್ಕ ಇಟ್ಕೊಂಡು ರೇಟ್ ಮಾತಾಡಿ. 12 ವಾರಕ್ಕೂ 2 ಕೆಜಿ ಹತ್ರ ಬರ್ತಿಲ್ಲ ಅಂದ್ರೆ ಗಂಡು ಬದಲಾಯಿಸಿ, ಅದೇ ಶೆಡ್ಡಿನ ಅಣ್ಣ ತಂಗಿ ಕ್ರಾಸ್ ಮಾಡ್ತಾ ಹೋದ್ರೆ ಬೆಳವಣಿಗೆ ಬಿದ್ದೋಗುತ್ತೆ. ಕೊಡೈಕೆನಾಲ್ ಹತ್ರ ಮನ್ನವನೂರಿನಲ್ಲಿ ಕೇಂದ್ರ ಸರ್ಕಾರದ ಕುರಿ ಸಂಶೋಧನಾ ಕೇಂದ್ರ ಇದೆ, ಮೊಲಾನೂ ಸಾಕ್ತಾರೆ, ಬ್ರೀಡಿಂಗ್ ಸ್ಟಾಕಿಗೆ (ತಳಿ ಮೊಲಕ್ಕೆ) ಅಲ್ಲಿ ಮೊದ್ಲು ಫೋನ್ ಮಾಡಿ. ಬೈಬ್ಯಾಕ್ ಕೊಡ್ತೀವಿ (ಬೆಳೆದ ಮೊಲ ನಾವೇ ವಾಪಸ್ ಕೊಳ್ತೀವಿ) ಅಂತ ಯೂಟ್ಯೂಬಲ್ಲಿ ಮೊಲದ ಯೂನಿಟ್ ಮಾರೋರ ಹತ್ರ ಹೋಗ್ಬೇಡಿ, ಹೊಟ್ಟೆ ಉರಿಯುತ್ತೆ ಎಷ್ಟು ಹುಡುಗ್ರು ಸಾಲ ಮಾಡ್ಕೊಂಡು ಕೂತಿದಾರೆ ನೋಡಿದ್ರೆ.

ಕೊಯ್ಯೋದ್ರಲ್ಲೂ ಇದೆ. 6-8 ಗಂಟೆ ಫೀಡ್ ನಿಲ್ಸಿ, ನೀರು ನಿಲ್ಲಿಸ್ಬೇಡಿ. ಬಿಸಿಲಲ್ಲಿ ಬೈಕಿಗೆ ಕಟ್ಕೊಂಡು ತಗೊಂಡೋದ್ರೆ ಗಾಬರಿಗೆ ಮಾಂಸ ಕಪ್ಪಾಗಿ ಬೇಗ ಕೆಡುತ್ತೆ. ಪಿತ್ತಕೋಶ, ಮೂತ್ರದ ಚೀಲ ಎರಡೂ ಒಡೀದಂಗೆ ತೆಗೀರಿ. ಕೊಯ್ದು ಎರಡು ಮೂರು ಗಂಟೆಗೆ ಅಡುಗೆ ಮನೆಗೆ ಕಳಿಸಿದ್ರೆ ಸೆಟೆದಿರೋ ಮಾಂಸ ಬೇಯಕ್ಕೆ ಹೋಗುತ್ತೆ, 3 ತಿಂಗಳ ಮೊಲಾನೂ ಗಟ್ಟಿ ಅನ್ಸುತ್ತೆ. ಒಂದು ರಾತ್ರಿ ಫ್ರಿಜ್‌ನಲ್ಲಿ 4 ಡಿಗ್ರಿಲಿಟ್ಟು ಕೊಡಿ (ಫ್ರೀಜರ್‌ನಲ್ಲಲ್ಲ). ನಾನು ಕೊಡೋ ಹೋಟೆಲ್‌ನಲ್ಲಿ ಕಂಪ್ಲೇಂಟ್ ನಿಂತಿದ್ದು ಇದೊಂದರಿಂದಾನೇ. ಕೊಬ್ಬು ಕಮ್ಮಿ ಇರೋ ಮಾಂಸ, ಜೋರು ಉರೀಲಿ ಹುರಿದ್ರೆ ಒಣಗುತ್ತೆ, ಸಣ್ಣ ಉರೀಲಿ ಮುಚ್ಚಿ ಬೇಯ್ಸಕ್ಕೆ ಹೇಳಿ. ಕಜ್ಜಿಗೆ ಐವರ್ಮೆಕ್ಟಿನ್ ಹಾಕಿದ್ರೆ ಡಾಕ್ಟ್ರು ಹೇಳಿದಷ್ಟು ದಿನ ಆ ಮೊಲ ಕೊಯ್ಲೇಬೇಡಿ.

ಏಪ್ರಿಲ್‌ನಲ್ಲಿ ಸೆಕೆ 35 ಡಿಗ್ರಿ ದಾಟಿದ್ರೆ ಯಾವ ಫೀಡ್ ಹಾಕಿದ್ರೂ ತೂಕ ಬರಲ್ಲ, ತಿನ್ನೋದೇ ಬಿಡ್ತವೆ, ಗಂಡು ಮೊಲದ ಬೀಜಾನೂ ಕೈ ಕೊಡುತ್ತೆ, ಒದ್ದೆ ಗೋಣಿಚೀಲ ಕಟ್ಟಿ, ಮಧ್ಯಾಹ್ನ ನೀರು ಬದಲಾಯಿಸಿ.

ಮುಂದಿನ ಮರಿ ಸತ್ರೆ ಹೂಳ್ಬೇಡಿ, ಹೊಟ್ಟೆ ತೆಗೆದು ಲಿವರ್ ಫೋಟೋ ಹಾಕಿ. ಬಿಳಿ ಚುಕ್ಕೆ ಇದ್ರೆ ಫೀಡ್ ಒಂದೇ ಅಲ್ಲ, ಕಾಕ್ಸಿನೂ ಇದೆ ಅಂತ, ಆಗ ಕೇಜಿನ ನೆಲ ಸುಡೋದ್ರಿಂದ ಶುರು ಮಾಡ್ಬೇಕಾಗುತ್ತೆ, ಅದನ್ನ ಬೇರೆ ಬರೀತೀನಿ.