1893ರ ಲಕೋಟೆಯ ಮೇಲಿನ ಆರ್‌ಬ್ರೋತ್ ವಿಳಾಸ: ಆ ಮನೆ ಈಗ ಎಲ್ಲಿದೆ?

ನಿಮ್ಮ ಪ್ರಶ್ನೆ ಇಷ್ಟು: ಚಿಕ್ಕಮಗಳೂರು ಕಡೆಯ ಕಾಫಿ ತೋಟದಲ್ಲಿ ಕೆಲಸಕ್ಕಿದ್ದ ಮುತ್ತಜ್ಜನಿಗೆ ಅವರ ತಾಯಿ 1893ರಲ್ಲಿ ಬರೆದ ಕಾಗದ ಸಿಕ್ಕಿದೆ. ಕಳಿಸಿದವರ ವಿಳಾಸದಲ್ಲಿ ಒಂದು ಮನೆ ನಂಬರ್, ಆಮೇಲೆ 'ಸೀಗೇಟ್, ಆರ್‌ಬ್ರೋತ್, ಎನ್.ಬಿ.' ಎಂದಿದೆ. ಗೂಗಲ್ ಮ್ಯಾಪ್ ತೋರಿಸುವ ಅದೇ ನಂಬರಿನ ಮನೆ ಆ ಮನೆಯೇ?

ಇರಲೂಬಹುದು, ಆದರೆ ನಂಬರ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ನೂರಮೂವತ್ತು ವರ್ಷದಲ್ಲಿ ಮನೆ ಕೆಡವಿರುತ್ತಾರೆ, ಎರಡು ಮನೆ ಸೇರಿಸಿ ಒಂದು ಮಾಡಿರುತ್ತಾರೆ, ಬೀದಿಗೆ ಹೊಸದಾಗಿ ನಂಬರ್ ಕೊಟ್ಟಿರುತ್ತಾರೆ. ಹಳೆಯ ಮನೆಯನ್ನು ಗುರುತಿಸಬೇಕಾದ್ದು ಅಕ್ಕಪಕ್ಕದವರಿಂದ. ಪಕ್ಕದ ಮನೆಯಲ್ಲಿ ಯಾರಿದ್ದರು, ಮೂಲೆಯಲ್ಲಿ ಯಾವ ಅಂಗಡಿ ಇತ್ತು, ಎಷ್ಟನೇ ಬಾಗಿಲಿಗೆ ಓಣಿ ಬರುತ್ತಿತ್ತು ಅನ್ನುವುದು ಗೊತ್ತಾದರೆ ನಂಬರ್ ಬದಲಾಗಿದ್ದರೂ ಮನೆ ಸಿಗುತ್ತದೆ.

ಮೊದಲು ಲಕೋಟೆಯನ್ನೇ ಸರಿಯಾಗಿ ಓದಿಕೊಳ್ಳೋಣ. 'ಎನ್.ಬಿ.' ಅಂದರೆ ನಾರ್ತ್ ಬ್ರಿಟನ್. ಆ ಕಾಲದಲ್ಲಿ ಸ್ಕಾಟ್ಲೆಂಡನ್ನು ಹಾಗೆ ಬರೆಯುವ ರೂಢಿ ಇತ್ತು, ಅದು ಬೇರೆ ಊರಲ್ಲ; ಆರ್‌ಬ್ರೋತ್ ಅಲ್ಲಿನ ಪೂರ್ವ ಕರಾವಳಿಯ ಪಟ್ಟಣ. ಸೀಗೇಟ್‌ನಲ್ಲಿರುವ 'ಗೇಟ್' ಬಾಗಿಲಲ್ಲ, ಬೀದಿ ಎಂಬರ್ಥದ ಹಳೆಯ ಪದ; ಸೀಗೇಟ್ ಅಂದರೆ ಕಡಲ ಬೀದಿ. ಜಿಲ್ಲೆಯ ಹೆಸರು 1928ರವರೆಗೆ ದಾಖಲೆಗಳಲ್ಲಿ ಫೋರ್ಫರ್‌ಶೈರ್, ಆಮೇಲೆ ಆಂಗಸ್. ಹುಡುಕುವಾಗ ಎರಡೂ ಹೆಸರು ಬೇಕಾಗುತ್ತವೆ. ಇನ್ನೊಂದು ತೊಡಕು ಪ್ಯಾರಿಶ್, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ. ಊರು ಬೆಳೆದು ಪಕ್ಕದ ಸೇಂಟ್ ವಿಜಿಯನ್ಸ್ ಪ್ಯಾರಿಶ್‌ಗೂ ಚಾಚಿಕೊಂಡಿತ್ತು. ಅನೇಕ ಮೀನುಗಾರ ಕುಟುಂಬಗಳ ಮೂಲವಾದ ಆಕ್‌ಮಿಥಿ ಹಳ್ಳಿಯೂ ಅದೇ ಪ್ಯಾರಿಶ್‌ನದು. ಆರ್‌ಬ್ರೋತ್ ಎಂದು ಹಾಕಿ ಏನೂ ಸಿಗದಿದ್ದರೆ ಸೇಂಟ್ ವಿಜಿಯನ್ಸ್ ಹಾಕಿ ನೋಡಿ.

ಈಗ ಸ್ಕಾಟ್‌ಲೆಂಡ್ಸ್ ಪೀಪಲ್ ತಾಣಕ್ಕೆ ಹೋಗಿ. ಇದು ಹಳೆಯ ದಾಖಲೆಗಳಿಗೆ ಸ್ಕಾಟ್ಲೆಂಡ್ ಸರ್ಕಾರದ್ದೇ ತಾಣ. ಹೆಸರು ನೋಂದಾಯಿಸಿಕೊಂಡರೆ ಸೂಚಿ ಹುಡುಕುವುದು ಉಚಿತ, ಮೂಲ ಪುಟದ ಚಿತ್ರ ತೆರೆಯಲು ಕ್ರೆಡಿಟ್ ಕೊಳ್ಳಬೇಕು. ಜನನ, ಮರಣ, ಜನಗಣತಿ ಪುಟಕ್ಕೆ 6 ಕ್ರೆಡಿಟ್, ಆಸ್ತಿ ಕಂದಾಯದ ಪಟ್ಟಿಯಾದ ವ್ಯಾಲ್ಯುಯೇಶನ್ ರೋಲ್‌ಗೆ 2. ಜನಗಣತಿ ಬೇರೆ ವಂಶಾವಳಿ ತಾಣಗಳಲ್ಲೂ ಸಿಗುತ್ತದೆ, ಆದರೆ ಸ್ಕಾಟ್ಲೆಂಡಿನ ಮಟ್ಟಿಗೆ ಅಲ್ಲಿರುವುದು ಹೆಚ್ಚಾಗಿ ಬರಿಯ ನಕಲು ಬರಹ. ನಿಮಗೆ ಬೇಕಾದ್ದು ಮೂಲ ಪುಟ, ಯಾಕೆಂದರೆ ಅಕ್ಕಪಕ್ಕದವರು ಕಾಣುವುದು ಅದರಲ್ಲೇ.

ನಿಮ್ಮ ಕಾಗದಕ್ಕೆ ಹತ್ತಿರದ ಜನಗಣತಿಗಳು 1891ರ ಏಪ್ರಿಲ್ 5 ಮತ್ತು 1901ರ ಮಾರ್ಚ್ 31ರವು. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಪುಟದ ಎಡತುದಿಯ ಅಂಕಿ ಮನೆ ನಂಬರ್ ಅಲ್ಲ, ಶೆಡ್ಯೂಲ್ ನಂಬರ್, ಅಂದರೆ ಗಣತಿಯವನು ಹಂಚಿದ ಫಾರಂನ ಕ್ರಮಸಂಖ್ಯೆ. ಮನೆ ನಂಬರ್ ಇದ್ದರೆ ಬೀದಿಯ ಹೆಸರಿನ ಜೊತೆ ಇರುತ್ತದೆ, ಎಷ್ಟೋ ಸಲ ಇರುವುದೇ ಇಲ್ಲ. ಹಾಗಿದ್ದಾಗ ಕೊನೆಯ ಕಾಲಂ ನೋಡಿ. ಕಿಟಕಿ ಇರುವ ಕೋಣೆಗಳು ಎಷ್ಟು ಎಂದು ಸ್ಕಾಟ್ಲೆಂಡಿನ ಗಣತಿ 1861ರಿಂದಲೇ ಬರೆದಿಡುತ್ತದೆ. ಒಂದೇ ಬಾಗಿಲಿನೊಳಗೆ ನಾಲ್ಕು ಕುಟುಂಬ, ಎಲ್ಲರಿಗೂ ಒಂದೋ ಎರಡೋ ಕೋಣೆ ಎಂದಿದ್ದರೆ ಅದು ಮಹಡಿಗಳ ವಠಾರ. ಗಣತಿ ಪುಸ್ತಕದ ಮೊದಲ ಪುಟದಲ್ಲಿ ಗಣತಿಯವನು ಯಾವ ಬೀದಿಯ ಯಾವ ಬದಿಯಿಂದ ಹೊರಟ ಎಂಬ ವಿವರಣೆಯೂ ಇರುತ್ತದೆ. ಅದನ್ನು ಬಿಟ್ಟು ಮುಂದೆ ಹೋಗಬೇಡಿ.

ಗಣತಿಯ ರಾತ್ರಿ ದೋಣಿಯಲ್ಲಿದ್ದ ಗಂಡಸರ ಹೆಸರು ಮನೆಯ ಪಟ್ಟಿಯಲ್ಲಿರುವುದಿಲ್ಲ, ಹಡಗಿನ ಪಟ್ಟಿಯಲ್ಲಿರುತ್ತದೆ. ಆದ್ದರಿಂದ ತಾಯಿಯ ಹೆಸರಿನಿಂದ ಹುಡುಕಿ. ಸ್ಕಾಟ್ಲೆಂಡಿನಲ್ಲಿ ಮದುವೆಯಾದ ಹೆಂಗಸಿಗೆ ದಾಖಲೆಗಳಲ್ಲಿ ತವರಿನ ಹೆಸರು ಉಳಿಯುತ್ತದೆ, ಮರಣ ಸೂಚಿಯಲ್ಲಿ ಎರಡೂ ಹೆಸರಿನಿಂದ ಸಿಗುತ್ತಾಳೆ. ಮೀನುಗಾರರ ಕೇರಿಯಲ್ಲಿ ಇದು ದೊಡ್ಡ ಅನುಕೂಲ. ಸ್ಪಿಂಕ್, ಕಾರ್ಗಿಲ್, ಸ್ವಾಂಕಿ ಎಂಬ ಮನೆತನಗಳು ಅಲ್ಲಿ ಬೀದಿ ತುಂಬ ಇದ್ದವು. ಒಂದೇ ಹೆಸರಿನ ಮೂವರು ಗಂಡಸರನ್ನು ಬೇರ್ಪಡಿಸಲು ಹೆಂಡತಿಯ ತವರಿನ ಹೆಸರೇ ಗತಿ.

ಗಣತಿಗೂ ಕಾಗದಕ್ಕೂ ವಿಳಾಸ ಹೊಂದದಿದ್ದರೆ ಗಾಬರಿ ಬೇಡ. 1886ರ ಕಾಯ್ದೆಯ ಪ್ರಕಾರ ಬಾಡಿಗೆ ಮನೆ ಬಿಡುವ ದಿನಗಳು ಮೇ 28 ಮತ್ತು ನವೆಂಬರ್ 28. ವರ್ಷ ವರ್ಷವೂ ಮೇ ಕೊನೆಯಲ್ಲಿ ಗಾಡಿಗೆ ಸಾಮಾನು ಹೇರಿ ಮನೆ ಬದಲಿಸುವವರು ಬಹಳ. 1891ರ ಏಪ್ರಿಲ್‌ನ ಮನೆ 1893ರ ಹೊತ್ತಿಗೆ ಬದಲಾಗಿದ್ದರೆ ಆಶ್ಚರ್ಯವಿಲ್ಲ.

ಈ ನಡುವಿನ ಅಂತರ ತುಂಬುವುದು ವ್ಯಾಲ್ಯುಯೇಶನ್ ರೋಲ್, ನನ್ನ ಪ್ರಕಾರ ವಿಳಾಸ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ನಮ್ಮ ಮನೆಕಂದಾಯದ ರಿಜಿಸ್ಟರ್ ಇದ್ದ ಹಾಗೆ, 1855ರಿಂದ ಪ್ರತಿ ವರ್ಷ ಬರೆದದ್ದು. ತಾಣದಲ್ಲಿ 1855ರಿಂದ 1915ರವರೆಗೆ ಹತ್ತು ವರ್ಷಕ್ಕೊಂದು, 1920ರಿಂದ 1940ರವರೆಗೆ ಐದು ವರ್ಷಕ್ಕೊಂದು ಇದೆ. ನೀವು 1895ರದ್ದು ತೆರೆಯಿರಿ. ಒಂದು ಸಾಲು ಹೀಗೆ ಸಾಗುತ್ತದೆ: ಆಸ್ತಿ ಏನು, ಮನೆಯೋ ಅಂಗಡಿಯೋ ಮೀನು ಹೊಗೆಯಾಡಿಸುವ ಕೊಟ್ಟಿಗೆಯೋ, ಬೀದಿ, ನಂಬರ್, ಮಾಲೀಕ, ಬಾಡಿಗೆದಾರ, ವಾಸವಿರುವವರು, ಕೊನೆಗೆ ವಾರ್ಷಿಕ ಬಾಡಿಗೆ ಮೌಲ್ಯ. ಇದರಲ್ಲಿ ಮನೆಯ ಯಜಮಾನನ ಹೆಸರಷ್ಟೇ ಇರುತ್ತದೆ, ಮಕ್ಕಳದ್ದಿಲ್ಲ. ವರ್ಷಕ್ಕೆ 4 ಪೌಂಡಿಗಿಂತ ಕಡಿಮೆಯ ಬಿಡಾರಗಳಲ್ಲಿ ಬಾಡಿಗೆದಾರರ ಹೆಸರು ಬಿಟ್ಟಿರಲೂಬಹುದು. ಆಗ ಮಾಲೀಕನ ಹೆಸರು ಹಿಡಿದುಕೊಳ್ಳಿ, ಅದು ಬೇಗ ಬದಲಾಗುವುದಿಲ್ಲ. ನಿಮ್ಮ ಸಾಲಿನ ಹಿಂದಿನ ಹತ್ತು, ಮುಂದಿನ ಹತ್ತು ಸಾಲುಗಳನ್ನೂ ಹಾಗೆಯೇ ಕಾಗದದ ಮೇಲೆ ಇಳಿಸಿಕೊಳ್ಳಿ. ತಾಣದಲ್ಲಿಲ್ಲದ ವರ್ಷಗಳ ಸಂಪುಟಗಳಿಗೆ ಎಡಿನ್‌ಬರೋದ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡನ್ನು ಕೇಳಬೇಕು.

ಆಮೇಲೆ ನಕ್ಷೆ. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡಿನ ನಕ್ಷೆ ತಾಣ ಪೂರ್ತಿ ಉಚಿತ. ನಿಮಗೆ ಬೇಕಾದ್ದು ಎರಡು: ಆರ್ಡ್‌ನೆನ್ಸ್ ಸರ್ವೆಯವರು (ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ) ದೊಡ್ಡ ಪ್ರಮಾಣದಲ್ಲಿ ಮಾಡಿದ ಪಟ್ಟಣ ನಕ್ಷೆ, ಮತ್ತು ಮೈಲಿಗೆ 25 ಇಂಚಿನ ನಕ್ಷೆ. ಪಟ್ಟಣ ನಕ್ಷೆಯಲ್ಲಿ ಮನೆ ಮುಂದಿನ ಮೆಟ್ಟಿಲು, ನೀರಿನ ಪಂಪು, ದೀಪದ ಕಂಬ ಕೂಡ ಕಾಣುತ್ತವೆ. ಆದರೆ ಮನೆ ನಂಬರ್ ಮಾತ್ರ ಯಾವುದರಲ್ಲೂ ಇಲ್ಲ! ಬಹಳ ಜನ ಇಲ್ಲೇ ಕೈಬಿಡುತ್ತಾರೆ. ನೀವು ಇಳಿಸಿಕೊಂಡ ಪಟ್ಟಿ ಈಗ ಕೆಲಸಕ್ಕೆ ಬರುತ್ತದೆ. ಪಟ್ಟಿಯಲ್ಲಿ ಒಂದು ಪಬ್, ಚರ್ಚ್, ಶಾಲೆ ಅಥವಾ ಓಣಿಯ ಹೆಸರು ಸಿಕ್ಕರೆ, ಅದನ್ನು ನಕ್ಷೆಯಲ್ಲಿ ಹೆಸರಿನಿಂದಲೇ ಗುರುತಿಸಬಹುದು. ಅಲ್ಲಿಂದ ಬಾಗಿಲು ಎಣಿಸುತ್ತಾ ಬನ್ನಿ. ಇಂಥ ಗುರುತು ಒಂದೇ ಇದ್ದರೆ ಸಾಲದು, ಬೀದಿಯ ಎರಡೂ ತುದಿಯ ಕಡೆಯಿಂದ ಒಂದೊಂದು ಬೇಕು. ಇಲ್ಲದಿದ್ದರೆ ಎಣಿಕೆ ಒಂದು ಮನೆ ತಪ್ಪಿದರೂ ಗೊತ್ತಾಗುವುದಿಲ್ಲ. ಅದೇ ಲೈಬ್ರರಿಯ ತಾಣದಲ್ಲಿ 1911ರವರೆಗಿನ ಪೋಸ್ಟ್ ಆಫೀಸ್ ಡೈರೆಕ್ಟರಿಗಳಿವೆ. ಕೂಲಿಯವರ ಹೆಸರು ಅವುಗಳಲ್ಲಿ ಅಪರೂಪ, ಮೂಲೆಯ ಅಂಗಡಿಯವನ ಹೆಸರಿಗೆ ಮಾತ್ರ ನೋಡಿ.

ಸ್ಥಳ ನಿಕ್ಕಿಯಾದ ಮೇಲೆ ಹಳೆಯ ನಕ್ಷೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಇಟ್ಟು ನೋಡುವ ಸೌಲಭ್ಯ ಅಲ್ಲೇ ಇದೆ. ಹಳೆಯ ಗೋಡೆಗೆರೆಯೂ ಈಗಿನ ಮಾಡೂ ಕೂಡಿಕೊಂಡರೆ ಮನೆ ಉಳಿದಿರುವ ಸಂಭವ ಹೆಚ್ಚು. ನಂತರ ಸ್ಟ್ರೀಟ್ ವ್ಯೂನಲ್ಲಿ ಕಲ್ಲಿನ ಗೋಡೆ, ಹೊಗೆಗೂಡಿನ ಸಾಲು, ನಕ್ಷೆಯಲ್ಲಿದ್ದ ಓಣಿಯ ಬಾಯಿ ಈಗಲೂ ಇದೆಯೇ ನೋಡಿ.

ಅನುಮಾನ ಉಳಿದರೆ 1910ರ ಹಣಕಾಸು ಕಾಯ್ದೆಯಡಿ ಇಡೀ ದೇಶದ ಆಸ್ತಿಗಳನ್ನು ಅಳೆದ ಇನ್‌ಲ್ಯಾಂಡ್ ರೆವೆನ್ಯೂ (ತೆರಿಗೆ ಇಲಾಖೆಯ) ಸರ್ವೆ ಇದೆ. ಆ ನಕ್ಷೆಗಳಲ್ಲಿ ಪ್ರತಿ ಆಸ್ತಿಗೂ ಒಂದು ಅಂಕಿ, ಆ ಅಂಕಿಗೆ ಫೀಲ್ಡ್ ಬುಕ್ಕಿನಲ್ಲಿ ಮಾಲೀಕನ ಹೆಸರು, ಮನೆಯ ವರ್ಣನೆ. ನಂಬರಿನ ಜಗಳವನ್ನು ನೇರವಾಗಿ ಬಗೆಹರಿಸುವ ದಾಖಲೆ ಇದು. ಅದೂ ನ್ಯಾಷನಲ್ ರೆಕಾರ್ಡ್ಸ್‌ನಲ್ಲೇ ಇದೆ. ಕೇಳಿ ಬರೆಯುವಾಗ ಇಡೀ ವಂಶದ ಕಥೆ ಬೇಡ. ಬೀದಿ, ನಂಬರ್, 1895ರ ರೋಲ್‌ನಲ್ಲಿ ಸಿಕ್ಕ ಮಾಲೀಕನ ಹೆಸರು, ಪಕ್ಕದ ಎರಡು ಮನೆಗಳ ಹೆಸರು, ಇಷ್ಟನ್ನು ನಾಲ್ಕು ಸಾಲಿನಲ್ಲಿ ಕೊಟ್ಟರೆ ಅವರಿಗೆ ಹುಡುಕಲು ಸುಲಭ.