ಕೌಬಾಯ್‌ಗಳೆಲ್ಲ ಬಿಳಿಯರೇನಾ?

ಪ್ರಶ್ನೆ: ಚಿಕ್ಕಂದಿನಿಂದ ಕೌಬಾಯ್ ಸಿನಿಮಾ ನೋಡಿ ಬೆಳೆದವನು ನಾನು. ಅದರಲ್ಲಿ ಕುದುರೆ ಸವಾರ, ಶೆರಿಫ್, ಕೂಲಿ ಎಲ್ಲರೂ ಬಿಳಿಯರೇ. ನಿಜವಾಗಿ ಹಾಗೇ ಇತ್ತಾ? (ಓದುಗರು, ದಾವಣಗೆರೆ)

ಖಂಡಿತ ಇಲ್ಲ. ಕೌಬಾಯ್‌ಗಳಲ್ಲಿ ಹೆಚ್ಚುಕಮ್ಮಿ ನಾಲ್ಕರಲ್ಲಿ ಒಬ್ಬ ಕಪ್ಪು ಜನಾಂಗದವನು ಅಂತ ಇತಿಹಾಸಕಾರರ ಅಂದಾಜು. ಆ ಕೆಲಸ ಕಲಿಸಿದ್ದೇ ಮೆಕ್ಸಿಕೋ ಕಡೆಯ ದನಗಾಹಿಗಳು. ಅವರನ್ನು ವಕೇರೋ ಅಂತಿದ್ದರು. ರಾಂಚ್ (ದನ ಸಾಕುವ ದೊಡ್ಡ ಜಮೀನು), ಲಾಸೋ (ದನ ಹಿಡಿಯುವ ಹಗ್ಗದ ಕುಣಿಕೆ), ರೋಡಿಯೋ (ಕೌಬಾಯ್‌ಗಳ ಪಂದ್ಯ) ಎಲ್ಲ ಸ್ಪ್ಯಾನಿಷ್‌ನಿಂದ ಬಂದ ಪದಗಳು. ಇನ್ನು ಕೌಬಾಯ್‌ಗಳು ಓಡಾಡಿದ ಅಮೆರಿಕದ ಪಶ್ಚಿಮದ ನೆಲವೇನೂ ಖಾಲಿ ಬಿದ್ದಿರಲಿಲ್ಲ. ಲಕೋಟಾ, ಕೊಮಾಂಚೆ, ನವಾಹೋ ಹೀಗೆ ಹತ್ತಾರು ಮೂಲನಿವಾಸಿ ಸಮುದಾಯಗಳು ಮೊದಲಿಂದಲೂ ಅಲ್ಲೇ ಬಾಳುತ್ತಿದ್ದವು.

ಕಪ್ಪು ಜನಾಂಗದ ಬಾಸ್ ರೀವ್ಸ್ ಬಗ್ಗೆ ನೀವು ಓದಲೇಬೇಕು. 1838ರಲ್ಲಿ ಅರ್ಕಾನ್ಸಾದಲ್ಲಿ ಗುಲಾಮನಾಗಿ ಹುಟ್ಟಿದ ಈತ, ಅಂತರ್ಯುದ್ಧದ ಹೊತ್ತಿಗೆ ತಪ್ಪಿಸಿಕೊಂಡು ಈಗಿನ ಒಕ್ಲಹೋಮಾ ಕಡೆ ಹೋಗಿ ಮೂಲನಿವಾಸಿಗಳ ಜೊತೆ ಬದುಕಿ ಅವರ ಭಾಷೆಯನ್ನೂ ಕಲಿತ. 1875ರಲ್ಲಿ ಅದೇ ಸೀಮೆಗೆ ಸರ್ಕಾರದ ಡೆಪ್ಯುಟಿ ಮಾರ್ಷಲ್, ಅಂದರೆ ಆರೋಪಿಗಳನ್ನು ಹಿಡಿದು ತರುವ ಅಧಿಕಾರಿ ಆದ. ಓದು ಬರಹ ಬರುತ್ತಿರಲಿಲ್ಲ. ವಾರಂಟುಗಳನ್ನು ಬೇರೆಯವರಿಂದ ಓದಿಸಿ, ಯಾವ ಹಾಳೆ ಯಾರದ್ದು ಅಂತ ನೆನಪಿಟ್ಟುಕೊಂಡು ಹೊರಡುತ್ತಿದ್ದ. ಸುಮಾರು 32 ವರ್ಷದ ಕೆಲಸದಲ್ಲಿ 3,000ಕ್ಕೂ ಜಾಸ್ತಿ ಜನರನ್ನು ಹಿಡಿದ ಅನ್ನುತ್ತಾರೆ. ಕೊಲೆ ಆರೋಪ ಹೊತ್ತ ಸ್ವಂತ ಮಗನನ್ನೂ ಹಿಡಿದು ತಂದ. ಅವತ್ತು ಆ ಅಪ್ಪನ ಮನಸ್ಸಿನಲ್ಲಿ ಏನಿತ್ತೋ!

ಪ್ರಶ್ನೆ: ಅಮೆರಿಕದ ರೈಲು ಹಳಿ ಹಾಕಿದ್ದು ಚೀನೀಯರು ಅಂತ ಎಲ್ಲೋ ಓದಿದೆ, ನಿಜವಾ? (ಓದುಗರು, ಶಿರಸಿ)

ಪಶ್ಚಿಮದ ಭಾಗ ಬಹುಪಾಲು ಅವರದ್ದೇ. ಕ್ಯಾಲಿಫೋರ್ನಿಯಾ ಕಡೆಯಿಂದ ಹಳಿ ಹಾಕಿದ ಸೆಂಟ್ರಲ್ ಪೆಸಿಫಿಕ್ ಕಂಪನಿಯಲ್ಲಿ 10,000ಕ್ಕೂ ಹೆಚ್ಚು ಚೀನೀ ಕೂಲಿಗಳಿದ್ದರು. ಸಿಯೆರಾ ನೆವಾಡಾ ಬೆಟ್ಟದ ಕಲ್ಲು ಎಷ್ಟು ಗಟ್ಟಿ ಅಂದರೆ, ಸುರಂಗ ಕೊರೆಯುವಾಗ ಇಡೀ ದಿನ ದುಡಿದರೂ ಒಂದೆರಡು ಅಡಿ ಮುಂದೆ ಹೋದರೆ ಅದೇ ಹೆಚ್ಚು. ಕಾಯಿಸಿದ ಟೀಯನ್ನು ಸಿಡಿಮದ್ದಿನ ಹಳೇ ಪೀಪಾಯಿಗಳಲ್ಲಿ ತುಂಬಿ, ಹೆಗಲ ಕೋಲಿಗೆ ನೇತುಹಾಕಿ ಕೆಲಸದ ಜಾಗಕ್ಕೆ ತರುತ್ತಿದ್ದರು. ಹಳ್ಳದ ನೀರು ಕುಡಿದ ಬಿಳಿ ಕೂಲಿಗಳು ಬೇಧಿಯಿಂದ ಮಲಗುತ್ತಿದ್ದಾಗ, ಕಾಯಿಸಿದ ಟೀ ಕುಡಿದ ಇವರು ಗಟ್ಟಿಮುಟ್ಟಾಗಿದ್ದರು. ಬಿಳಿಯರಿಗೆ ಸಂಬಳದ ಜೊತೆ ಊಟ ಸಿಗುತ್ತಿತ್ತು, ಚೀನೀಯರು ತಮ್ಮ ಊಟ ತಾವೇ ನೋಡಿಕೊಳ್ಳಬೇಕಿತ್ತು. 1867ರ ಜೂನ್‌ನಲ್ಲಿ ಸರಿಸಮ ಕೂಲಿ ಕೇಳಿ ಮುಷ್ಕರ ಹೂಡಿದರು. ಕಂಪನಿ ಅವರ ದಿನಸಿಯನ್ನೇ ನಿಲ್ಲಿಸಿಬಿಟ್ಟಿತು. ವಾರದಲ್ಲಿ ಮುಷ್ಕರ ಮುರಿದುಬಿತ್ತು.

1869ರ ಮೇ 10ರಂದು ಯೂಟಾದಲ್ಲಿ ಪೂರ್ವ, ಪಶ್ಚಿಮ ಎರಡೂ ಕಡೆಯ ಹಳಿ ಸೇರಿದಾಗ ತೆಗೆದ ಫೋಟೋ ಜಗತ್ಪ್ರಸಿದ್ಧ. ಅದರಲ್ಲಿ ಚೀನೀ ಮುಖ ಹುಡುಕಿದರೂ ಸಿಗುವುದು ಕಷ್ಟ. ಹದಿಮೂರು ವರ್ಷಕ್ಕೆ, 1882ರಲ್ಲಿ, ಚೀನೀ ಕೂಲಿಗಳು ದೇಶಕ್ಕೆ ಬರದಂತೆ ಕಾನೂನೇ ಆಯಿತು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ನಮ್ಮ ದೇಶದವರು ಯಾರೂ ಇರಲಿಲ್ವಾ? (ಓದುಗರು, ಮಂಡ್ಯ)

ಇದ್ದರು, ಆದರೆ ಸ್ವಲ್ಪ ತಡವಾಗಿ ಬಂದವರು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಪಂಜಾಬಿನ ರೈತರು ಅಮೆರಿಕದ ಪಶ್ಚಿಮ ಕರಾವಳಿಗೆ ಹೋಗಿ ಮರದ ಮಿಲ್ಲು, ರೈಲು ಹಳಿ, ಹೊಲಗಳಲ್ಲಿ ದುಡಿದರು. 1912ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್‌ನಲ್ಲಿ ಗುರುದ್ವಾರ ಶುರುಮಾಡಿದರು. 1913ರ ಕ್ಯಾಲಿಫೋರ್ನಿಯಾ ಕಾನೂನು, ಪೌರತ್ವಕ್ಕೆ ಅರ್ಹರಲ್ಲದವರು ಜಮೀನು ಕೊಳ್ಳುವಂತಿಲ್ಲ ಎಂದಿತು. ಭಾರತೀಯರಿಗೆ ಪೌರತ್ವವೇ ಇಲ್ಲ ಅಂತ 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಈ ಕಾನೂನು ಅವರಿಗೂ ಬಿಗಿಯಾಯಿತು. ಊರಿನಿಂದ ಹೆಂಡತಿಯನ್ನು ಕರೆಸುವ ದಾರಿಯೂ ಮುಚ್ಚಿಹೋಗಿತ್ತು. ಹಾಗಾಗಿ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯ ಎಷ್ಟೋ ಪಂಜಾಬಿಗಳು ಅಲ್ಲೇ ಪಕ್ಕದ ಹತ್ತಿ ಹೊಲದಲ್ಲಿ ದುಡಿಯುತ್ತಿದ್ದ ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾದರು. ಹುಟ್ಟಿದ ಮಕ್ಕಳಿಗೆ ಸ್ಪ್ಯಾನಿಷ್ ಹೆಸರು, ಜೊತೆಗೆ ಅಪ್ಪನ ಸಿಂಗ್. ಅಡುಗೆಮನೆಯಲ್ಲಿ ರೊಟ್ಟಿಯೂ ಇತ್ತು, ಮೆಕ್ಸಿಕೋದ ರೊಟ್ಟಿಯಾದ ಟೋರ್ಟಿಯಾವೂ ಇತ್ತು.